ರೋಗವಿಲ್ಲದ ಹುಂಜ

ಗೋಪಮ್ಮ ಮದುವೆಯಾಗಿ ದೇವದುರ್ಗದಿಂದ ಹಿರೇಕೊಟ್ನೆಕಲ್ಲಿಗೆ ಬರುವಾಗ ಟ್ರಂಕಿನ ಜೊತೆ ಒಂದು ಹೇಟೆ ಕೋಳಿಯನ್ನೂ ತಂದಿದ್ದಳು. ಬಿದಿರು ಬುಟ್ಟಿಯ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ ಮದುಮಗಳನ್ನು ನೋಡಿ ಗಂಡಿನ ಕಡೆಯವರು ನಕ್ಕಿದ್ದರು.

"ಏನವ್ವಾ, ನಮ್ಮೂರಾಗ ಕೋಳಿ ಇಲ್ಲಂತ ತಿಳಕೊಂಡಿಯೇನು?" ಎಂದು ಅತ್ತೆ ಕೇಳಿದ್ದಳು.

"ಅವಕ್ಕ ನನ್ನ ಗುರ್ತಿಲ್ಲಲ್ರೀ," ಎಂದಿದ್ದಳು ಗೋಪಮ್ಮ.

ಅತ್ತೆಗೆ ಈ ಉತ್ತರ ಹಿಡಿಸಿತು. ಸೊಸೆಗೂ ಅತ್ತೆಗೂ ಆಮೇಲೆ ಬೇರೆ ಬೇರೆ ವಿಷಯಕ್ಕೆ ಸಾಕಷ್ಟು ಜಗಳವಾದರೂ ಕೋಳಿಯ ವಿಷಯದಲ್ಲಿ ಅತ್ತೆ ಎಂದೂ ಬಾಯಿ ಹಾಕಲಿಲ್ಲ. ಗಂಡ ಕೃಷ್ಣ ಗೌಂಡಿ ಕೆಲಸದವನು. ಕಾಲುವೆ ನೀರು ಬಂದ ಮೇಲೆ ಊರೂರಿಗೆ ಹೊಸ ಮನೆಗಳು ಎದ್ದವು, ಅವನಿಗೆ ಕೆಲಸಕ್ಕೆ ಬರವಿರಲಿಲ್ಲ. ಗೋಪಮ್ಮ ಭತ್ತದ ನಾಟಿಗೆ, ಹತ್ತಿ ಬಿಡಿಸಲಿಕ್ಕೆ ಹೋಗುತ್ತಿದ್ದಳು. ಮಿಕ್ಕ ಹೊತ್ತೆಲ್ಲ ಕೋಳಿ. ಅತ್ತೆ ತೀರಿಕೊಂಡು, ಮಗಳನ್ನು ಸಿಂಧನೂರಿಗೆ ಕೊಟ್ಟ ಮೇಲಂತೂ ಮನೆಯಲ್ಲಿ ಮನುಷ್ಯರು ಇಬ್ಬರು, ಉಳಿದವರೆಲ್ಲ ಕೋಳಿಗಳು ಎನ್ನುವ ಹಾಗಾಯಿತು. ಅವಕ್ಕೆ ಬೇರೆ ಗೂಡು ಅಂತ ಇರಲಿಲ್ಲ. ಒಲೆಯ ಪಕ್ಕದ ಬೂದಿಯಲ್ಲಿ ಮೈ ಹೊರಳಿಸುತ್ತಿದ್ದವು, ಮುಸುರೆ ತೊಳೆಯುವ ಕಲ್ಲಿನ ಮೇಲೆ ಅನ್ನದ ಅಗುಳು ಹೆಕ್ಕುತ್ತಿದ್ದವು, ಸಂಜೆಯಾದರೆ ಅಡುಗೆಕೋಣೆಯ ಮೂಲೆಯ ಬುಟ್ಟಿಗಳ ಕೆಳಗೆ ತಾವಾಗಿಯೇ ಸೇರಿಕೊಳ್ಳುತ್ತಿದ್ದವು.

ಒಮ್ಮೆ ಒಂದು ಸಂಸ್ಥೆಯವರು ಊರಿನ ಹೆಂಗಸರಿಗೆಲ್ಲ ಯಂತ್ರದಲ್ಲಿ ಮರಿ ಮಾಡಿಸಿದ ಕೋಳಿಮರಿಗಳನ್ನು ಹಂಚಿದರು. ರಟ್ಟಿನ ಡಬ್ಬಿಯಲ್ಲಿ ಹಳದಿ ಹತ್ತಿಯ ಉಂಡೆಗಳ ಹಾಗೆ ಇದ್ದವು. ಕೆಲವೇ ದಿನಗಳಲ್ಲಿ ಹಿಂಭಾಗ ಬಿಳಿ ಬಿಳಿಯಾಗಿ ಅಂಟಿಕೊಂಡು, ರೆಕ್ಕೆ ಇಳಿಬಿಟ್ಟು ಒಂದೊಂದೇ ಸತ್ತವು. ಗೋಪಮ್ಮನ ಮನೆಯಲ್ಲಿ ಉಳಿದವನ್ನು ಅವಳು ಕಾವಿಗೆ ಕೂತಿದ್ದ ಒಂದು ಹೇಟೆಯ ಹೊಟ್ಟೆಯ ಕೆಳಗೆ ಸೇರಿಸಿದಳು. ಹೇಟೆ ಒಂದೆರಡು ಸಲ ಕುಕ್ಕಿ ನೋಡಿ ಒಪ್ಪಿಕೊಂಡಿತು. ಅದು ಕೆದರಿದಲ್ಲಿ ಇವೂ ಕೆದರಿದವು, ಅದು ಹಿಕ್ಕೆ ಹಾಕಿದಲ್ಲಿ ಇವೂ ಕೊಕ್ಕು ಹಾಕಿದವು, ಬದುಕಿಕೊಂಡವು. ಯಾಕೆ ಬದುಕಿದವು ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ತಾಯಿ ಇದ್ದರೆ ಮರಿ ಬದುಕುತ್ತದೆ, ಅದರಲ್ಲಿ ಕೇಳುವಂಥದ್ದೇನಿದೆ ಎಂದುಕೊಂಡಳು.

ಅವಳಿಗೆ ಒಬ್ಬನೇ ತಮ್ಮ, ಅಯ್ಯಪ್ಪ. ದೇವದುರ್ಗದ ಸರ್ಕಾರಿ ಶಾಲೆಯಲ್ಲಿ ಓದಿ, ರಾಯಚೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿ, ಗ್ರಂಥಾಲಯದ ಕೆಲಸ ಕಲಿತವನು. ಈಗ ಯರಗೇರಾದ ವಿಶ್ವವಿದ್ಯಾಲಯ ಕ್ಯಾಂಪಸ್ಸಿನ ಲೈಬ್ರರಿಯಲ್ಲಿದ್ದ. ರಾಯಚೂರಿನಲ್ಲೇ ಮನೆ, ದಿನಾ ಬಸ್ಸಿನಲ್ಲಿ ಓಡಾಟ. ಹೆಂಡತಿ ನಾಗವೇಣಿ ಪ್ರೈಮರಿ ಶಾಲೆಯ ಟೀಚರು. ಅವರ ಮನೆಯ ಹಾಲಿನಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಅಕ್ಕಪಕ್ಕ. ಅವುಗಳ ಕೆಳಗೆ ಚಪ್ಪಲಿ ಬಿಟ್ಟು ಬರಬಾರದೆಂದು ಗೋಪಮ್ಮನಿಗೆ ಯಾರೂ ಹೇಳಿರಲಿಲ್ಲ. ಅವಳೇ ಬಾಗಿಲ ಹೊರಗೆ ಬಿಟ್ಟು ಬರುತ್ತಿದ್ದಳು. ಅತ್ತಿಗೆ ನಾದಿನಿಯರ ನಡುವೆ ಪ್ರೀತಿಗೆ ಕೊರತೆ ಇರಲಿಲ್ಲ, ಸಲಿಗೆಗೆ ಇತ್ತು. ನಾಗವೇಣಿ ಅಳತೆಯ ಮಾತಿನವಳು. ಗೋಪಮ್ಮ ಬುಟ್ಟಿ ತುಂಬ ಮೊಟ್ಟೆ ತಂದುಕೊಟ್ಟರೆ ಅದನ್ನು ಮೊದಲು ತೊಳೆದು ಒರೆಸಿಯೇ ಫ್ರಿಜ್ಜಿನಲ್ಲಿಡುವವಳು. ಗೋಪಮ್ಮನಿಗೆ ಅದನ್ನು ನೋಡಿ ಸ್ವಲ್ಪ ನಗು ಬರುತ್ತಿತ್ತು.

ಆ ವರ್ಷ ಬೇಸಿಗೆಯ ಭತ್ತ ಕೊಯ್ದು ಗದ್ದೆಗಳು ಖಾಲಿಯಾಗಿದ್ದ ಹೊತ್ತು. ಒಂದು ಭಾನುವಾರ ಅಯ್ಯಪ್ಪ ಹೆಂಡತಿಯನ್ನು ಕರೆದುಕೊಂಡು ಹಿರೇಕೊಟ್ನೆಕಲ್ಲಿಗೆ ಬಂದ. ಬಹಳ ದಿನಗಳ ಮೇಲೆ ಬಂದಿದ್ದ. ಗೋಪಮ್ಮ ಹಿಂದಿನ ದಿನವೇ ಹುಂಜವೊಂದನ್ನು ಗುರುತು ಮಾಡಿಟ್ಟಿದ್ದಳು. ಕೆಂಪು ಜುಟ್ಟಿನ, ಕಾಲಲ್ಲಿ ಹಳದಿ ಹೊಳಪಿದ್ದ ಹುಂಜ. ಕೃಷ್ಣ ಅದನ್ನು ಕೊಯ್ದು ಹಸನು ಮಾಡಿಕೊಟ್ಟ. ನಾಗವೇಣಿ ಮುಂದಿನ ಕಟ್ಟೆಯ ಮೇಲೆ ಪಕ್ಕದ ಮನೆಯ ಹೆಂಗಸರ ಜೊತೆ ಮಾತಾಡುತ್ತ ಕೂತಿದ್ದಳು. ಹಿತ್ತಿಲ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಅಯ್ಯಪ್ಪ ಪ್ಯಾಂಟು ಮಡಚಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಕ್ಕಾ, ಕಲೇಜಿ ಸಾರಿಗೆ ಹಾಕಬ್ಯಾಡ. ಕೆಂಡದ ಮ್ಯಾಲ ಸುಡು," ಎಂದ.

ಚಿಕ್ಕವರಿದ್ದಾಗ ಕೋಳಿ ಕೊಯ್ದರೆ ಅದರ ಕಲೇಜಿ, ಅಂದರೆ ಲಿವರು, ಮಕ್ಕಳ ಪಾಲು. ಅವ್ವ ಉಪ್ಪು ಖಾರ ಸವರಿ ಕೆಂಡದ ಮೇಲಿಡುತ್ತಿದ್ದಳು, ಅಕ್ಕ ತಮ್ಮ ಜಗಳವಾಡಿ ತಿನ್ನುತ್ತಿದ್ದರು. ಗೋಪಮ್ಮ ಖುಷಿಯಿಂದಲೇ ಕಲೇಜಿಯನ್ನು ಕಡ್ಡಿಗೆ ಚುಚ್ಚಿ ಕೆಂಡದ ಅಂಚಿಗೆ ಇಟ್ಟಳು. ಮೇಲೆ ಕಪ್ಪಗಾದದ್ದೇ ತಡ ಅಯ್ಯಪ್ಪ ಕೈ ಚಾಚಿದ.

"ಇನ್ನೊಂಚೂರು ಇರಲಿ, ಒಳಗ ಹಸಿ ಅದ," ಎಂದಳು ಗೋಪಮ್ಮ.

"ಹಿಂಗ ಇದ್ರನ ರುಚಿ. ನಾವು ಸಣ್ಣಾಗಿದ್ದಾಗ ಹಿಂಗ ತಿಂತಿದ್ದಿಲ್ಲೇನು?" ಎಂದು ಅವನು ಎತ್ತಿಕೊಂಡು ಕಚ್ಚಿಯೇಬಿಟ್ಟ. ಒಳಗೆ ಇನ್ನೂ ಕೆಂಪಿತ್ತು. ನಗುತ್ತ ಒಂದು ಚೂರನ್ನು ಅಕ್ಕನ ಬಾಯಿಗೆ ಹಾಕಿದ, ಒಂದನ್ನು ಭಾವನ ಕೈಗೆ ಕೊಟ್ಟ. ಉಳಿದದ್ದೆಲ್ಲ ಅವನೇ ತಿಂದ. ಆಮೇಲೆ ಎಲ್ಲರೂ ಜೋಳದ ರೊಟ್ಟಿ, ಕೋಳಿಸಾರು ಉಂಡರು. ಸಂಜೆಯ ಬಸ್ಸಿಗೆ ಅವರು ರಾಯಚೂರಿಗೆ ಹೊರಟರು. ಗೋಪಮ್ಮ ಬಸ್ಸು ತಿರುಗುವವರೆಗೂ ರಸ್ತೆಯಲ್ಲೇ ನಿಂತಿದ್ದಳು.

ಆ ವಾರ ಅಯ್ಯಪ್ಪನಿಗೆ ಜ್ವರ ಬಂತು, ಹೊಟ್ಟೆ ಕಿವುಚಿ ಭೇದಿಯಾಯಿತು, ರಕ್ತವೂ ಬಿತ್ತು. ಮನೆ ಹತ್ತಿರದ ಡಾಕ್ಟರ ಔಷಧಿ ತೆಗೆದುಕೊಂಡ. ಗೋಪಮ್ಮ ಫೋನು ಮಾಡಿದಾಗ ಅವನೇ ಎತ್ತಿ, "ನಿನ್ನ ಖಾರ ಜಾಸ್ತಿ ಆತು ನೋಡು," ಎಂದು ನಕ್ಕ. "ಸಿಟಿ ಹೊಟ್ಟಿ ಆಗ್ಯಾದ ನಿಂದು," ಎಂದು ಇವಳೂ ನಕ್ಕಳು. ಹಿರೇಕೊಟ್ನೆಕಲ್ಲಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಕೆಲವು ದಿನಗಳಲ್ಲಿ ಅವನ ಹೊಟ್ಟೆ ಸರಿಹೋಯಿತು, ಕೆಲಸಕ್ಕೂ ಹೋದ. ವಿಷಯ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಮರೆತರು.

ಮುಂದಿನ ವಾರ ಅವನಿಗೆ ಅಂಗಾಲು ಜುಮುಜುಮು ಅನ್ನತೊಡಗಿತು. ಬೇಸಿಗೆಯ ರಸ್ತೆಯ ಕಾವು ಇರಬೇಕು ಅಂದುಕೊಂಡ. ಮರುದಿನ ಲೈಬ್ರರಿಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕಾಯಿತು. ಸಂಜೆ ಯರಗೇರಾದಲ್ಲಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟ. ಇನ್ನೊಂದು ಮೇಲೇಳಲೇ ಇಲ್ಲ. ಹಿಂದಿದ್ದವರು ಹಿಡಿಯುವಷ್ಟರಲ್ಲಿ ಕುಸಿದು ಕೂತ. ಕಂಡಕ್ಟರನೂ ಒಂದಿಬ್ಬರು ವಿದ್ಯಾರ್ಥಿಗಳೂ ಎತ್ತಿ ಸೀಟಿನಲ್ಲಿ ಮಲಗಿಸಿದರು. ರಾಯಚೂರಿನ ದೊಡ್ಡ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈಬೆರಳುಗಳಲ್ಲೂ ಬಲವಿರಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಉಸಿರಾಟದ ಸ್ನಾಯುಗಳೂ ಸೋತು, ಯಂತ್ರ ಅವನಿಗಾಗಿ ಉಸಿರಾಡತೊಡಗಿತು.

ಗೋಪಮ್ಮ ರೊಟ್ಟಿಯ ಗಂಟು ಕಟ್ಟಿಕೊಂಡು ಗಂಡನ ಜೊತೆ ರಾಯಚೂರಿಗೆ ಬಂದಳು. ಗಾಜಿನ ಆಚೆ ತಮ್ಮ ಮಲಗಿದ್ದ. ಕಣ್ಣು ತೆರೆದಿದ್ದವು, ಗುರುತು ಹಿಡಿಯುತ್ತಿದ್ದವು. ಅಷ್ಟು ಬಿಟ್ಟರೆ ಮೈಯಲ್ಲಿ ಚಲನೆ ಇರಲಿಲ್ಲ. ಯಾರೋ ಮಾಟ ಮಾಡಿಸಿದಾರೆ ಅಂತ ಊರಿಂದ ಬಂದ ಒಬ್ಬ ಸಂಬಂಧಿ ಅಂದ. ನಾಗವೇಣಿ ಅವನನ್ನು ಬಾಗಿಲ ತನಕ ಕಳಿಸಿ ಬಂದಳು.

ಮರುದಿನ ಡಾಕ್ಟರ್ ಮುಸರ್ರತ್ ಮೂವರನ್ನೂ ಕರೆದು ಕೂಡಿಸಿಕೊಂಡಳು. ರಾಯಚೂರಿನವಳೇ, ಕೋಟೆಯೊಳಗಿನ ಅಂದ್ರೂನ್ ಕಿಲ್ಲಾ ಬಡಾವಣೆಯ ಮನೆತನ. ಮಾತು ಮೆತ್ತಗೆ, ಅವಸರವಿಲ್ಲ.

"ಇದು ಜಿ.ಬಿ.ಎಸ್ ಅಂತ ಬ್ಯಾನಿ. ನರಕ್ಕ ಬರೋದು. ಮೊದಲ ಯಾವಾಗರ ಭೇದಿ ಆಗಿತ್ತೇನ್ರೀ ಇವರಿಗೆ?"

"ಆಗಿತ್ರೀ. ರಕ್ತ ಬಿದ್ದಿತ್ತು," ಎಂದಳು ನಾಗವೇಣಿ.

"ಅದಕ್ಕಿಂತ ಮೊದಲು ಹೊರಗೆಲ್ಲರ ಕೋಳಿ ತಿಂದಿದ್ರೇನು?"

ನಾಗವೇಣಿ ಗೋಪಮ್ಮನ ಕಡೆ ತಿರುಗಿದಳು. "ಹೊರಗ ಅಲ್ಲ. ಇವರ ಮನ್ಯಾಗ."

ಗೋಪಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಿದ್ದಿರುವ ಕಾಲಿಗೂ ಉಂಡ ಕೋಳಿಗೂ ಏನು ಸಂಬಂಧ? ಮುಸರ್ರತ್ ಬಿಡಿಸಿ ಹೇಳಿದಳು. ಕೋಳಿಯ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಇರುತ್ತವೆ. ಬಹಳಷ್ಟು ಒಳ್ಳೆಯವೇ, ಕಾಳು ಅರಗಿಸುತ್ತವೆ, ಕೆಟ್ಟವು ಬೇರೂರದ ಹಾಗೆ ಜಾಗ ಹಿಡಿದು ಕೂತಿರುತ್ತವೆ. ಅವುಗಳ ನಡುವೆ ಕ್ಯಾಂಪಿಲೋಬ್ಯಾಕ್ಟರ್ ಅಂತ ಒಂದು ಇರುತ್ತದೆ. ಅದರಿಂದ ಕೋಳಿಗೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ. ಬೇಯಿಸಿದರೆ ಅದು ಸಾಯುತ್ತದೆ. ಹಸಿಹಸಿಯಾಗಿ ಮನುಷ್ಯರ ಹೊಟ್ಟೆಗೆ ಹೋದರೆ ಭೇದಿ ತರುತ್ತದೆ, ಕಲೇಜಿಯೊಳಗೂ ಅದು ಸೇರಿಕೊಂಡಿರುತ್ತದೆ.

"ನನ್ನ ಹುಂಜಕ್ಕ ರೋಗ ಇದ್ದಿಲ್ಲವ್ವಾ," ಎಂದಳು ಗೋಪಮ್ಮ. "ಜುಟ್ಟು ಕೆಂಪಗಿತ್ತು. ಕೊಯ್ಯೋ ದಿನಾನೂ ಕೂಗಿತ್ತು."

"ರೋಗ ಇತ್ತು ಅಂತ ನಾನೂ ಅನ್ನಂಗಿಲ್ಲಮ್ಮಾ. ಹುಂಜ ಆರಾಮನ ಇದ್ದಿರಬೇಕು."

"ಆ ಅರೆಬೆಂದ ಕಲೇಜಿ ನಾನೂ ತಿಂದೀನಿ, ನನ್ನ ಗಂಡನೂ ತಿಂದಾನ. ನಮಗ ಯಾಕ ಆಗಲಿಲ್ಲ?"

"ನೀವು ದಿನಾ ಅವುಗಳ ನಡುವ ಇರ್ತೀರಿ. ಸಣ್ಣಾಗಿಂದ ಸ್ವಲ್ಪ ಸ್ವಲ್ಪ ಹೊಟ್ಟಿಗೆ ಹೋಗೇ ಹೋಗಿರತದ. ನಿಮ್ಮ ಮೈ ಅದರ ಗುರ್ತು ಹಿಡದದ, ಬಂದ ಕೂಡ್ಲೆ ಸುಮ್ಮನ ಮಾಡತದ. ಇವರಿಗೂ ಒಂದ್ ಕಾಲಕ್ಕ ಆ ಗುರ್ತು ಇದ್ದಿರಬಹುದು. ಊರು ಬಿಟ್ಟು ಎಷ್ಟೋ ವರ್ಷ ಆತು. ಮೈ ಮರತಿರಬಹುದು. ಖಾತ್ರಿ ಹೇಳಾಕ ಆಗಂಗಿಲ್ಲ."

"ಭೇದಿ ವಾಸಿ ಆತಲ್ರೀ. ಆಮ್ಯಾಲ ಇದು ಎಲ್ಲಿಂದ ಬಂತು?" ಎಂದು ಕೇಳಿದವನು ಕೃಷ್ಣ.

ಮುಸರ್ರತ್ ಅದನ್ನೂ ಬಿಡಿಸಿ ಹೇಳಿದಳು. ಆ ಜೀವಿಯ ಮೈಮೇಲೆ ಒಂದು ಗುರುತಿದೆ, ನಮ್ಮ ನರಗಳ ಮೇಲೂ ಹೆಚ್ಚುಕಡಿಮೆ ಅಂಥದ್ದೇ ಗುರುತಿದೆ. ಮೈಯ ಕಾವಲಿನವರು ಆ ಗುರುತು ನೋಡಿ ವೈರಿಯನ್ನು ಹೊಡೆದರು, ಗೆದ್ದರು. ಆದರೆ ಗೆದ್ದ ಮೇಲೆ ಅದೇ ಗುರುತು ನರಗಳ ಮೇಲೆ ಕಂಡು, ಇವೂ ವೈರಿಗಳೇ ಅಂತ ಅವನ್ನೂ ಹೊಡೆಯಲು ಶುರು ಮಾಡಿದರು. ಹೀಗಾಗುವುದು ಬಹಳ ಅಪರೂಪ. ಭೇದಿಯಾದ ಸಾವಿರ ಮಂದಿಯಲ್ಲಿ ಯಾರೋ ಒಬ್ಬರಿಗೆ. "ಇದಕ್ಕ ಔಷಧ ಅದ. ಬೇರೆಯವರ ರಕ್ತದಿಂದ ತೆಗೆದ ರಕ್ಷಣಾ ಕಣಗಳನ್ನ ಕೊಡಾಕತ್ತೀವಿ, ಹೊಡೆದಾಟ ನಿಂದ್ರತದ. ನರ ತಾನ ಬೆಳಿಬೇಕು. ತಿಂಗಳುಗಟ್ಲೆ ಆಗತದ. ಬಹಳ ಮಂದಿ ಎದ್ದು ನಡೀತಾರ."

ನಾಗವೇಣಿ ಕೇಳಿದಳು: "ಆ ಕೋಳಿಯಿಂದನ ಬಂತು ಅಂತ ಗೊತ್ತಾಗತದೇನ್ರೀ?"

"ಇಲ್ಲ. ಪರೀಕ್ಷೆ ಮಾಡೋ ಹೊತ್ತಿಗೆ ಅದು ಹೊಟ್ಟ್ಯಾಗ ಉಳಿದಿಲ್ಲ. ಆ ಕಲೇಜಿ ಇರಬಹುದು, ಅಂಗಡಿ ಕೋಳಿ ಇರಬಹುದು, ಹಸಿ ಹಾಲು, ನೀರು. ಯಾವುದೂ ಆಗಿರಬಹುದು."

ಈ ಉತ್ತರದಿಂದ ನಾಗವೇಣಿಗೆ ಸಮಾಧಾನವಾಗಲಿಲ್ಲ. ಹೊರಗಿನ ವರಾಂಡದಲ್ಲಿ ಗೋಪಮ್ಮ ರೊಟ್ಟಿಯ ಗಂಟು ಬಿಚ್ಚಿ ಮುಂದಿಟ್ಟಾಗ ಅವಳು ಮುಟ್ಟಲಿಲ್ಲ. "ಅಕ್ಕಾರ, ನೀವು ಪ್ರೀತಿಯಿಂದ ತಿನಿಸಿದ್ರಿ, ಗೊತ್ತದ. ಬೆಂದದೋ ಇಲ್ಲೋ ಅಂತ ಒಂದ್ ಸಲ ನೋಡಬಹುದಿತ್ತು," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತೇನೋ ಎಂದು ಗೋಪಮ್ಮನಿಗೆ ಅನಿಸಿತು. ಅವಳು ಗಂಟನ್ನು ಮತ್ತೆ ಕಟ್ಟಿದಳು.

ಮೆಟ್ಟಿಲಿಳಿದು ಬೇವಿನ ನೆರಳಿಗೆ ಬಂದ ಮೇಲೆ ಕೃಷ್ಣ ಅಂದ: "ಆಂವ ತಾನ ಕೈ ಹಾಕಿ ತೊಗೊಂಡ. ನೀ ಬ್ಯಾಡ ಅಂದಿ. ನಾನು ಎದುರಿಗಿದ್ದೆ. ಆಕಿಗೆ ಹೇಳ್ತೀನಿ."

"ಬ್ಯಾಡ."

"ಯಾಕ?"

"ಆಕಿ ಸಿಟ್ಟು ನನ್ನ ಮ್ಯಾಲಿದ್ರ ಆಕಿಗೆ ಹೊರ್ಯಾಕ ಬರತದ. ಹಾಸಿಗ್ಯಾಗ ಬಿದ್ದ ಗಂಡನ ಮ್ಯಾಲ ಸಿಟ್ಟು ಬಂದ್ರ ಎಲ್ಲಿ ಇಟ್ಕೋತಾಳ?"

ಕೃಷ್ಣ ಮತ್ತೆ ಆ ಮಾತೆತ್ತಲಿಲ್ಲ. ಅವನಿಗೆ ಹೆಂಡತಿ ಮಾಡಿದ್ದು ಸರಿ ಅನಿಸಿತ್ತು ಅಂತಲೂ ಅಲ್ಲ. ಸುಳ್ಳನ್ನು ಸುಮ್ಮನೆ ಬೆಳೆಯಲು ಬಿಡುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಆದರೆ ಅವಳ ತಮ್ಮ, ಅವಳ ಮಾತು ಎಂದು ಬಿಟ್ಟ.

ಮನೆಗೆ ಬಂದ ದಿನ ಗೋಪಮ್ಮ ಹಿತ್ತಿಲ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ದಿನಾ ನೋಡುತ್ತಿದ್ದದ್ದೇ ಬೇರೆ ಥರ ಕಾಣುತ್ತಿತ್ತು. ಹೇಟೆಯೊಂದು ನೀರಿನ ಕೊಡದ ಮುಚ್ಚಳದ ಮೇಲೆ ಕೂತು ಹಿಕ್ಕೆ ಹಾಕಿತು. ಇನ್ನೊಂದು ರೊಟ್ಟಿ ಬಡಿಯುವ ಮರದ ಕೊಣಮಿಗೆಯೊಳಗಿನ ಹಿಟ್ಟನ್ನು ಕುಕ್ಕುತ್ತಿತ್ತು. ಮರಿಗಳು ಬಾಣಲೆಯ ಸುತ್ತ. ಇವೆಲ್ಲ ಅವಳು ಕೈಯಾರೆ ಸಾಕಿದವು. ಒಂದಕ್ಕೂ ಜಡ್ಡಿಲ್ಲ. ಜಡ್ಡಾದ ಕೋಳಿಯಾದರೆ ಗುರುತು ಹಿಡಿದು ಬೇರೆ ಕಟ್ಟುತ್ತಿದ್ದಳು, ಮಾರುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ. ಆದರೆ ಆರಾಮಿರುವ ಕೋಳಿಯಲ್ಲಿ ಏನನ್ನು ಹುಡುಕುವುದು? ಎಷ್ಟು ಮನೆಗಳಿಗೆ ಕೋಳಿ ಕೊಟ್ಟಿದ್ದೇನೆ, ಯಾರ್ಯಾರು ಹೇಗೆ ಬೇಯಿಸಿದರೋ, ಯಾರ ಮನೆಯ ಕೂಸಿಗೆ ಭೇದಿಯಾಗಿತ್ತೋ ಎಂಬ ಯೋಚನೆ ಬಂದು ಕೂತರೆ ಏಳುತ್ತಿರಲಿಲ್ಲ.

ಎಲ್ಲವನ್ನೂ ಮಾರಿಬಿಡೋಣ ಎಂದಳು ಒಂದು ದಿನ.

"ಮಾರಿದ್ರ ತೊಗೊಂಡವರ ಮನ್ಯಾಗ ಅದಾವಲ್ಲ ಮತ್ತ," ಎಂದ ಕೃಷ್ಣ.

ಮುಂದಿನ ಸಲ ರಾಯಚೂರಿಗೆ ಹೋದಾಗ ಅವಳು ಮುಸರ್ರತ್‌ಳನ್ನು ವಾರ್ಡಿನ ಬಾಗಿಲಲ್ಲಿ ತಡೆದು ಇದನ್ನೇ ಕೇಳಿದಳು. ಕೋಳಿಗಳನ್ನು ಏನು ಮಾಡಲಿ? ಡಾಕ್ಟರು ನಕ್ಕಳು. ಅವನ್ನು ಬಿಡಬೇಕಿಲ್ಲ, ಅಡುಗೆಯಿಂದ ಅವನ್ನು ದೂರ ಇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹಸಿ ಮಾಂಸ ಹೆಚ್ಚಿದ ಮಣೆಯ ಮೇಲೆ ಉಳ್ಳಾಗಡ್ಡಿ ಹೆಚ್ಚಬೇಡಿ, ಕೋಳಿಯನ್ನು ಎಲುಬಿನ ತನಕ ಬೇಯಿಸಿ ಎಂದಳು. ಗೋಪಮ್ಮ ಯಂತ್ರದ ಮರಿಗಳ ಕಥೆ ಹೇಳಿದಳು, ತಾಯಿ ಕೆಳಗಿಟ್ಟ ಮೇಲೆ ಬದುಕಿದ್ದು ಹೇಳಿದಳು. "ತಾಯಿ ಹಿಕ್ಕಿ ಕುಕ್ಕಿದ್ವು, ಅದಕ್ಕ ಬದುಕಿದ್ವೇನು ಅವು?"

"ಹೌದು, ತಾಯಿ ಕರುಳಿನ ಒಳ್ಳೆ ಜೀವಿಗಳು ಮರಿ ಕರುಳಿಗೆ ಹಂಗನ ಬರ್ತಾವ. ಮೊದಲ ಅವು ಜಾಗ ಹಿಡದ್ರ ಕೆಟ್ಟವಕ್ಕ ಜಾಗ ಸಿಗಂಗಿಲ್ಲ."

"ಅಂದ್ರ ಮರಿಗೆ ಜೀವ ಕೊಟ್ಟದ್ದೂ ಆ ಹಿಕ್ಕಿನ, ನನ್ನ ತಮ್ಮನ್ನ ಮಲಗಿಸಿದ್ದೂ ಆ ಹಿಕ್ಕಿನ."

ಒಳಗಿನಿಂದ ನರ್ಸು ಕರೆದಳು, ಮುಸರ್ರತ್ ಹೋದಳು.

ಕೃಷ್ಣ ಹಿತ್ತಿಲ ಆಚೆಯ ತುದಿಗೆ, ಜಾಲಿಯ ಬುಡದಲ್ಲಿ, ಉಳಿದಿದ್ದ ಇಟ್ಟಿಗೆಗಳಿಂದ ಕೋಳಿಗೆ ಗೂಡು ಕಟ್ಟಿದ. ಅಡುಗೆಕೋಣೆಗೆ ಅರ್ಧ ಬಾಗಿಲು ಇಟ್ಟ. ಹೇಟೆಗಳು ಸುಮಾರು ದಿನ ಆ ಬಾಗಿಲ ಮುಂದೆ ಬಂದು ನಿಂತು ಗೊಣಗಿದವು. ಗೋಪಮ್ಮ ಅವನ್ನು ಗದರಿಸಿ ಓಡಿಸುವಾಗ ಮುಖ ಬೇರೆ ಕಡೆ ಮಾಡಿಕೊಳ್ಳುತ್ತಿದ್ದಳು.

ಅಯ್ಯಪ್ಪ ಯಂತ್ರದಿಂದ ಹೊರಬರಲು ವಾರಗಳು ಹಿಡಿದವು. ಕಾವಲಿನವರ ಹೊಡೆದಾಟ ನಿಂತಿತ್ತು, ನರಗಳು ಮಾತ್ರ ಅವಸರ ಮಾಡಲಿಲ್ಲ. ಮೊದಲು ಭುಜ, ಆಮೇಲೆ ಬೆರಳು. ಗೋಪಮ್ಮ ಕೂಲಿ ಬಿಟ್ಟು ರಾಯಚೂರಿನಲ್ಲೇ ಉಳಿದಳು. ಶುರುವಿಗೆ ನಾಗವೇಣಿ ಅವಳಿಗೆ ಹೊರಗಿನ ಕೆಲಸಗಳನ್ನಷ್ಟೇ ಬಿಟ್ಟುಕೊಡುತ್ತಿದ್ದಳು: ಔಷಧಿ ತರುವುದು, ಬಟ್ಟೆ ಒಗೆಯುವುದು. ಶಾಲೆ ಶುರುವಾದ ಮೇಲೆ ಬೇರೆ ದಾರಿಯಿರಲಿಲ್ಲ. ಹಗಲು ಪೂರಾ ಗೋಪಮ್ಮನೇ ನೋಡಿಕೊಂಡಳು. ತಮ್ಮನನ್ನು ಮಗ್ಗುಲು ತಿರುಗಿಸುವುದು, ಬೆನ್ನಿಗೆ ಪೌಡರು ಹಚ್ಚುವುದು, ಕಾಲಿನ ಒಂದೊಂದು ಗಂಟನ್ನೂ ಮಡಚಿ ಬಿಡಿಸುವುದು. ಮೊದಮೊದಲು ಅವನು ಅಕ್ಕನ ಮುಂದೆ ಹೀಗೆ ಬಿದ್ದಿರಲು ನಾಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸಿಟ್ಟೂ ಬರುತ್ತಿತ್ತು. ಒಮ್ಮೆ ಗಂಜಿಯ ಚಮಚ ಬಾಯಿಗಿಟ್ಟಾಗ ಉಗುಳಿಬಿಟ್ಟ. ಗೋಪಮ್ಮ ಒರೆಸಿ ಮತ್ತೊಂದು ಚಮಚ ತುಂಬಿದಳು.

ಮಳೆಗಾಲದ ಹೊತ್ತಿಗೆ ಅವನನ್ನು ಮನೆಗೆ ಕರೆತಂದರು. ಒಂದು ಸಂಜೆ ನಾಗವೇಣಿ ಅದೇ ಕೋಣೆಯ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಗೋಪಮ್ಮ ತಮ್ಮನ ಹಿಮ್ಮಡಿಯ ಕೆಳಗೆ ಕೈಯಿಟ್ಟು, "ಎತ್ತು, ನಾ ಹಿಡದೀನಿ," ಎನ್ನುತ್ತಿದ್ದಳು.

ಅವನು ಎತ್ತಲಿಲ್ಲ. ಇನ್ನೂ ಗೊಗ್ಗರಾಗಿದ್ದ ದನಿಯಲ್ಲಿ, "ಅಕ್ಕಾ, ಅವತ್ತು ನೀ ಇನ್ನೊಂಚೂರು ಇರಲಿ ಅಂದಿದ್ದಿ ಅಲ್ಲಾ? ನಾನ ಕೇಳಲಿಲ್ಲ," ಎಂದ.

"ನನಗ ನೆನಪಿಲ್ಲ. ಕಾಲು ಎತ್ತು," ಎಂದಳು ಗೋಪಮ್ಮ.

ನಾಗವೇಣಿಯ ಕೈಯಲ್ಲಿ ಅರ್ಧ ಮಡಚಿದ ಅಂಗಿ ಹಾಗೇ ಉಳಿಯಿತು. ಅವಳು ಇಬ್ಬರನ್ನೂ ನೋಡಿದಳು. ಬಟ್ಟೆ ಕಪಾಟಿನಲ್ಲಿಟ್ಟು ಒಳಗೆ ಹೋದಳು. ಆ ದಿನ ಅಡುಗೆಮನೆಯಲ್ಲಿ ಅವಳು ಅತ್ತಳೋ ಇಲ್ಲವೋ ಗೊತ್ತಿಲ್ಲ. ಊಟಕ್ಕೆ ಕೂತಾಗ ಮಾತ್ರ ಗೋಪಮ್ಮನ ಪಕ್ಕದಲ್ಲೇ ಕೂತಳು. "ಅಕ್ಕಾರ, ನಾಳಿ ಭಾನುವಾರ. ನೀವು ಊರಿಗೆ ಹೋಗಿ ಒಂದ್ ನಾಲ್ಕ್ ದಿನ ಇದ್ದು ಬರ್ರಿ. ನಾ ರಜಾ ಹಾಕ್ತೀನಿ. ನಿಮ್ಮ ಕೈ ಬತ್ತ್ಯಾವ," ಎಂದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಗೋಪಮ್ಮ ಅದನ್ನು ಕಾಯುತ್ತಲೂ ಇರಲಿಲ್ಲ.

ಅಯ್ಯಪ್ಪ ವಾಕರು ಹಿಡಿದು ನಿಂತ, ಆಮೇಲೆ ಕೋಲು ಹಿಡಿದು ನಡೆದ. ವರ್ಷ ತುಂಬುವ ಮೊದಲೇ ಕೆಲಸಕ್ಕೆ ಮರಳಿದ. ಎಡಪಾದದ ಮುಂಭಾಗ ಮಾತ್ರ ಮೇಲೇಳದೆ ನೆಲಕ್ಕೆ ಸವರುತ್ತದೆ. ಅದಕ್ಕೊಂದು ಪಟ್ಟಿ ಹಾಕಿಕೊಳ್ಳುತ್ತಾನೆ. ಯರಗೇರಾ ಬಸ್ಸಿನ ಕಂಡಕ್ಟರುಗಳಿಗೆ ಅವನ ಗುರುತು ಸಿಕ್ಕಿದೆ, ಹತ್ತುವವರೆಗೂ ಸೀಟಿ ಊದುವುದಿಲ್ಲ. ಕೋಳಿ ತಿನ್ನುವುದನ್ನು ಅವನು ಬಿಡಲಿಲ್ಲ. ಬಿಟ್ಟರೆ ಅಕ್ಕನ ಮೇಲೆ ಅಪವಾದ ಹೊರಿಸಿದಂತೆ ಎಂದು ಅವನಿಗೆ ಅನಿಸಿರಬೇಕು. ನಾಗವೇಣಿ ಬೇಯಿಸುತ್ತಾಳೆ, ಬೇಕಾದ್ದಕ್ಕಿಂತ ಹೆಚ್ಚೇ ಬೇಯಿಸುತ್ತಾಳೆ. ಅವನು ಅದರ ಬಗ್ಗೆ ಗೊಣಗುತ್ತ ತಿನ್ನುತ್ತಾನೆ.

ಈಚೆಗೆ ಗೋಪಮ್ಮ ಮಾನ್ವಿ ಸಂತೆಗೆ ಕೋಳಿ ಒಯ್ದರೆ ಕೊಡುವ ಮುಂಚೆ ಒಂದು ಮಾತು ಹೇಳುತ್ತಾಳೆ: ಚಂದಂಗ ಬೇಯಿಸ್ರಿ, ಕಲೇಜಿ ಹಸಿ ಬಿಡಬ್ಯಾಡ್ರಿ, ಕೂಸಿನ ಕೈಯಾಗ ಹಸಿ ತುಂಡು ಕೊಡಬ್ಯಾಡ್ರಿ. ಇದರಿಂದ ಅವಳಿಗೆ ನಷ್ಟವೇ ಆಯಿತು. ಈಕೆಯ ಕೋಳಿಗೆ ಏನೋ ಜಡ್ಡಿದೆಯಂತೆ, ಅದಕ್ಕೇ ಹೀಗೆ ಹೇಳುತ್ತಾಳೆ ಎಂದು ಕೆಲವರು ಪಕ್ಕದ ಬುಟ್ಟಿಯವಳ ಹತ್ತಿರ ಹೋದರು. ಪಕ್ಕದ ಬುಟ್ಟಿಯ ಕೋಳಿಯ ಕರುಳಲ್ಲೂ ಅದೇ ಇರುತ್ತದೆ ಎಂದು ಹೇಳಿದರೆ ಜಗಳವಾಗುತ್ತದೆ. ಹಾಗಾಗಿ ಅಷ್ಟನ್ನು ನುಂಗಿಕೊಳ್ಳುತ್ತಾಳೆ. "ಬಾಯಿ ಮುಚ್ಚಿಕೊಂಡು ಮಾರಾಕ ಏನಾಗತದ ನಿನಗ?" ಎಂದು ಆ ಪಕ್ಕದವಳೇ ಕನಿಕರದಿಂದ ಬೈದಳು.

ಅವಳ ಹಳೆಯ ಗಿರಾಕಿ ನೂರ್ ಬೀ ಮಾತ್ರ ಬಿಟ್ಟು ಹೋಗಲಿಲ್ಲ. ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುವ ವಯಸ್ಸಾದ ಹೆಂಗಸು. ಹೋದ ಸಂತೆಯ ದಿನ ಅವಳು ಬಿಸಿಲಿಗೆ ಸೆರಗು ತಲೆಮೇಲೆ ಎಳೆದುಕೊಂಡು ಬುಟ್ಟಿಯ ಮುಂದೆ ಕೂತು ಹುಂಜಗಳ ಎದೆ ಮುಟ್ಟಿ ನೋಡುತ್ತಿದ್ದಳು. ಗೋಪಮ್ಮ ತನ್ನ ಮಾತು ಶುರು ಮಾಡಿದಳು.

"ಇಷ್ಟು ವರ್ಷ ಅಡಿಗಿ ಮಾಡೀನಿ, ಈಗ ನೀ ನನಗ ಕಲಿಸ್ತೀಯೇನು?" ಎಂದಳು ನೂರ್ ಬೀ.

"ಕಲಿಸ್ತೀನಿ. ಕೂಡ್ರು, ಇನ್ನೂ ಮುಗದಿಲ್ಲ," ಎಂದು ಗೋಪಮ್ಮ ಹುಂಜದ ಕಾಲಿಗೆ ದಾರ ಸುತ್ತುತ್ತ, ಮಣೆ ಬೇರೆ ಇಡಬೇಕಾದ ವಿಷಯ ಹೇಳತೊಡಗಿದಳು. ನೂರ್ ಬೀ ಎಲೆ ಅಡಿಕೆಯ ಚೀಲ ತೆಗೆದು, ಕೇಳುತ್ತ ಕೂತಳು.